ನಲವತ್ತು ಟೀ ಶರ್ಟುಗಳ ಪೈಕಿ ಮೂವತ್ತೊಂಬತ್ತಕ್ಕೆ ಮೊಹರು ಬಿದ್ದ ಬಗ್ಗೆ

ಇಲಾಖೆ: (ಹೆಸರು ಇನ್ನೂ ಇಟ್ಟಿಲ್ಲ. ಮೂರು ಹೆಸರುಗಳು ಊಟದ ಮೇಜಿನ ಮೇಲೆ ಪರಿಶೀಲನೆಯಲ್ಲಿವೆ)
ಕಚೇರಿ: ಮಹಡಿ ಮೆಟ್ಟಿಲಿನ ಕೆಳಗೆ, ಛತ್ರಿಗಳ ಪಕ್ಕ
ಸಂಖ್ಯೆ: ಮೆ.ಕೆ./ಟೀ.ಶ./ಮೊಹರು-39/ಸುತ್ತೋಲೆ-9
ದಿನಾಂಕ: ಸೋಮವಾರ, ಬೆಳಗಿನ ಚಹಾ ಆದ ಮೇಲೆ

ಸುತ್ತೋಲೆ

ವಿಷಯ: ಕೈಯಲ್ಲಿರುವಷ್ಟರಲ್ಲೇ ಟೀ ಶರ್ಟು ತಯಾರಿಸಿ ಮಾರುವಾಗ ಮನೆಯ ಸಿಬ್ಬಂದಿ ಪಾಲಿಸಬೇಕಾದ ಕ್ರಮಗಳು, ಹಾಗೂ ನಿನ್ನೆ ಸಂಜೆ ನೀಡಲಾದ ಒಂದು ಮೌಖಿಕ ಸೂಚನೆಗೆ ಘಟನೋತ್ತರ ಮಂಜೂರಾತಿ ನೀಡುವ ಬಗ್ಗೆ.

ಉಲ್ಲೇಖ:
1. ಸೊಸೆಯವರ ಮೌಖಿಕ ಮನವಿ, ಮೂರು ತಿಂಗಳ ಹಿಂದೆ, ಬಟ್ಟೆ ಮಡಚುವಾಗ.
2. ಸೊಸೆಯವರ ಅಣ್ಣನ ಪತ್ರ, ಎರಡು ಪುಟ.
3. ಇದೇ ಇಲಾಖೆಯ ಸುತ್ತೋಲೆ 1ರಿಂದ 8 (ಇವುಗಳ ಪೈಕಿ 5ನೆಯದು ಸುಟ್ಟಿರುತ್ತದೆ; ಕಾರಣಕ್ಕೆ ಕಂಡಿಕೆ 6 ನೋಡಿ).
4. ಬೆಕ್ಕು.

ಪ್ರಸ್ತಾವನೆ:

ಈ ಮನೆಯ ಯಜಮಾನರು ಮೂವತ್ತನಾಲ್ಕು ವರ್ಷ ಒಂದೇ ಕಚೇರಿಯಲ್ಲಿ, ಒಂದೇ ಕಿಟಕಿಯ ಪಕ್ಕ, ಒಂದೇ ಕುರ್ಚಿಯಲ್ಲಿ ಕುಳಿತು, ಕೊನೆಗೆ ಅಧೀಕ್ಷಕರಾಗಿ ನಿವೃತ್ತರಾದವರು. (ಇನ್ನು ಮುಂದೆ ಇವರನ್ನು 'ಕೆಳಗೆ ಸಹಿ ಮಾಡಿದವರು' ಎನ್ನಲಾಗುವುದು.) ಬರೆದು ಹೇಳುವುದು ಅವರಿಗೆ ನೀರು ಕುಡಿದಷ್ಟು ಸುಲಭ, ಬಾಯಿಬಿಟ್ಟು ಹೇಳುವುದು ಇದುವರೆಗೆ ರೂಢಿಯಾಗಿಲ್ಲ. ಊಟದಲ್ಲಿ ಉಪ್ಪು ಕಡಿಮೆಯಾದರೆ ತಟ್ಟೆಯ ಪಕ್ಕ ಚೀಟಿ ಇಡುತ್ತಾರೆ. ಚೀಟಿಯ ಹಿಂಭಾಗದಲ್ಲಿ ಅವರ ಪತ್ನಿ 'ಡಬ್ಬಿ ಎದುರಿಗೇ ಇದೆ' ಎಂದು ಬರೆದು ಹಿಂದಿರುಗಿಸುತ್ತಾರೆ. ಈ ಪತ್ರವ್ಯವಹಾರಕ್ಕೆ ನಲವತ್ತು ವರ್ಷದ ಇತಿಹಾಸವಿದೆ.

ಈ ಮನೆಯ ಮಗನ ಸ್ಥಾನ, ನಿಧನದ ಕಾರಣ, ಹದಿನಾಲ್ಕು ತಿಂಗಳಿಂದ ತೆರವಾಗಿದೆ. ಆ ಬಗ್ಗೆ ಇಲಾಖೆಯು ಇದುವರೆಗೆ ಏನನ್ನೂ ಬರೆದಿಲ್ಲ. ಇಲ್ಲಿಯೂ ಇಷ್ಟೇ.

ಸೊಸೆಯವರು ಸುಮ್ಮನೆ ಕುಳಿತು ಊಟ ಮಾಡಲು ಒಪ್ಪದೆ, ಬಿಸ್ಕತ್ ಡಬ್ಬಿಯಲ್ಲಿ ಕೂಡಿಟ್ಟಿದ್ದರಲ್ಲಿ ಟೀ ಶರ್ಟು (ಇನ್ನು ಮುಂದೆ 'ಅಂಗಿ') ಮಾಡಿ ಮಾರುವುದಾಗಿ ತಿಳಿಸಿದರು. ಅಷ್ಟರಲ್ಲಿ ಉಲ್ಲೇಖ 2ರ ಪತ್ರ ಬಂತು. ಅದರ ಮುಖ್ಯ ಸಾಲು ಹೀಗಿದೆ: 'ಪುಟ್ಟಿ, ಅಲ್ಲಿ ನಿನ್ನನ್ನ ಇರು ಅಂತ ಯಾರಾದ್ರೂ ಬಾಯಿಬಿಟ್ಟು ಹೇಳಿದಾರಾ? ಇಲ್ಲ ತಾನೇ? ಹಾಗಾದ್ರೆ ಭಾನುವಾರ ಬರ್ತೀನಿ, ಹೊರಟು ಬಾ.' ಪತ್ರವನ್ನು ಸೊಸೆಯವರು ಊಟದ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು. ಎಲ್ಲರೂ ಓದಿದರು. ಕೆಳಗೆ ಸಹಿ ಮಾಡಿದವರು ಎರಡನೆಯ ಪುಟದ ಅಂಚಿನಲ್ಲಿ 'ನೋಡಿದೆ' ಎಂದು ಬರೆದು ಚಿಕ್ಕ ಸಹಿ ಹಾಕಿದರು.

ಆಗ ಸೊಸೆಯವರು ತಟ್ಟೆ ಎತ್ತಿಕೊಂಡು ಎದ್ದು ನೀಡಿದ ಹೇಳಿಕೆ: 'ಭಾನುವಾರದ ಸಂತೆಯಲ್ಲಿ ನಲವತ್ತೂ ಹೋದ್ರೆ ಇಲ್ಲೇ ಇರ್ತೀನಿ. ಒಂದು ಉಳಿದ್ರೂ ಅಣ್ಣನ ಜೊತೆ ಹೊರಡ್ತೀನಿ.'

ಈ ಹಿನ್ನೆಲೆಯಲ್ಲಿ ನಡೆದದ್ದನ್ನು ದಾಖಲಿಸಿ, ಮುಂದೆ ನಡೆಯಬೇಕಾದದ್ದನ್ನು ಸಂಬಂಧಪಟ್ಟ ಎಲ್ಲರಿಗೂ (ಒಟ್ಟು ಮೂವರು) ಈ ಮೂಲಕ ಸೂಚಿಸಲಾಗಿದೆ.

1. ಬಟ್ಟೆ

ಕಾರ್ಖಾನೆಯೊಂದು ಬೇಡವೆಂದು ಬದಿಗಿಟ್ಟ ನಲವತ್ತು ಬಿಳಿ ಅಂಗಿಗಳನ್ನು ಸೊಸೆಯವರು ತೂಕದ ಮೇಲೆ ತಂದಿರುತ್ತಾರೆ. ನಲವತ್ತಕ್ಕೂ ಎಡತೋಳು ಎರಡು ಬೆರಳು ಉದ್ದ. ಈ ಕುರಿತು ಮನೆಯಲ್ಲಿ ಎದ್ದ ಗದ್ದಲವನ್ನು ಗಮನಿಸಿ ಕೆಳಕಂಡಂತೆ ಸ್ಪಷ್ಟಪಡಿಸಲಾಗಿದೆ:

(ಅ) ಎಡತೋಳು ಉದ್ದವಿಲ್ಲ. ಬಲತೋಳು ಗಿಡ್ಡವಿದೆ.
(ಆ) ಗಿರಾಕಿ ಕೇಳುವವರೆಗೆ ಎರಡೂ ತೋಳು ಸಮ.
(ಇ) ಗಿರಾಕಿ ಕೇಳಿದಲ್ಲಿ, ಎಡ ಹೆಗಲಿಗೆ ಚೀಲ ಹಾಕುವವರಿಗೆಂದೇ ವಿಶೇಷವಾಗಿ ಹೊಲಿಯಲಾಗಿದೆ ಎನ್ನತಕ್ಕದ್ದು.
(ಈ) ಗಿರಾಕಿಯು ಬಲ ಹೆಗಲಿಗೆ ಚೀಲ ಹಾಕುವವರಾಗಿದ್ದಲ್ಲಿ, ಅಂಗಿಯನ್ನು ಹಿಂದುಮುಂದಾಗಿ ತೊಡಲು ತಿಳಿಸತಕ್ಕದ್ದು. ಆಗ ಚಿತ್ರ ಬೆನ್ನಿಗೆ ಹೋಗುತ್ತದೆ. ಅದಕ್ಕೆ ಇಲಾಖೆ ಹೊಣೆಯಲ್ಲ.

2. ಸಲಕರಣೆ

ಚಿತ್ರ ಒತ್ತಲು ಬೇಕಾದ ಪರದೆ, ಚೌಕಟ್ಟು ಇತ್ಯಾದಿಗಳನ್ನು ಅಂಗಡಿಯಿಂದ ಕೊಳ್ಳತಕ್ಕದ್ದಲ್ಲ. ಬಿಸ್ಕತ್ ಡಬ್ಬಿಯ ತಳ ಕಾಣುತ್ತಿರುವುದರಿಂದ ಮನೆಯೊಳಗಿನ ಮೂಲಗಳಿಂದಲೇ ಇವನ್ನು ಪಡೆಯಲಾಗಿದೆ.

(ಅ) ಚೌಕಟ್ಟು: ಕೆಳಗೆ ಸಹಿ ಮಾಡಿದವರ ಬೀಳ್ಕೊಡುಗೆಯ ದಿನ ತೆಗೆದ ಗುಂಪು ಫೋಟೋದ್ದು. ಫೋಟೋದಲ್ಲಿದ್ದ ಹದಿನೇಳು ಸಹೋದ್ಯೋಗಿಗಳನ್ನು ತಾತ್ಕಾಲಿಕವಾಗಿ ಹಾಸಿಗೆಯ ಕೆಳಗೆ ವರ್ಗಾಯಿಸಲಾಗಿದೆ.

(ಆ) ಪರದೆ: ಬಚ್ಚಲುಮನೆಯ ಕಿಟಕಿಯ ತೆಳುಪರದೆಯನ್ನು ಬಿಗಿದು ಮಾಡಿದ್ದು. ಹೊಸ ಪರದೆ ಬರುವವರೆಗೆ ಎಲ್ಲರೂ ಕುಳಿತೇ ಸ್ನಾನ ಮಾಡತಕ್ಕದ್ದು. ಎದ್ದು ನಿಂತು ಟವೆಲ್ ಕೇಳತಕ್ಕದ್ದಲ್ಲ.

(ಇ) ಬಣ್ಣ ಎಳೆಯುವ ಪಟ್ಟಿ: ಕೆಳಗೆ ಸಹಿ ಮಾಡಿದವರ ಸೇವಾವಧಿಯ ಮರದ ಅಡಿಪಟ್ಟಿ. ಕಪ್ಪು ಬಣ್ಣ ಅಂಟಿರುವ ಕಾರಣ ಅದರಲ್ಲಿ ಆರು ಅಂಗುಲದಿಂದ ಮುಂದೆ ಓದಲಾಗುವುದಿಲ್ಲ. ಆದ್ದರಿಂದ ಮುಂದಿನ ಆದೇಶದವರೆಗೆ ಈ ಮನೆಯಲ್ಲಿ ಆರು ಅಂಗುಲಕ್ಕಿಂತ ಉದ್ದದ ಯಾವುದನ್ನೂ ಅಳೆಯತಕ್ಕದ್ದಲ್ಲ.

(ಈ) ಒಣಗಿಸುವುದು: ಮನೆಯಲ್ಲಿರುವ ಬಟ್ಟೆ ಕ್ಲಿಪ್ಪುಗಳು ಮೂವತ್ತೊಂದು, ಅಂಗಿಗಳು ನಲವತ್ತು. ಉಳಿದ ಒಂಬತ್ತನ್ನು ಸಿಬ್ಬಂದಿಯು ತಾರಸಿಯ ಮೇಲೆ ಕೈಯಲ್ಲಿ ಹಿಡಿದು, ಗಾಳಿ ಬಂದ ದಿಕ್ಕಿಗೆ ತಿರುಗುತ್ತ ಒಣಗಿಸತಕ್ಕದ್ದು. ಈ ಕರ್ತವ್ಯಕ್ಕೆ ಮನೆಯ ಮಗಳನ್ನು ನಿಯೋಜಿಸಲಾಗಿತ್ತು. ಒಂದು ಕಡೆ ನಿಲ್ಲದ ಕಾರಣ ಇವರನ್ನು ಎಲ್ಲರೂ 'ಗಿರಗಿಟ್ಲೆ' ಎಂದೇ ಕರೆಯುತ್ತಾರೆ. ಆ ಗುಣ ಇಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂದಿದೆ. ಅವರ ಆಕ್ಷೇಪಣೆ: 'ಅಪ್ಪಾ, ಎದುರುಮನೆಯವರು ನನಗೆ ಮೈ ಸರಿಯಿಲ್ವಾ ಅಂತ ಕೇಳ್ತಿದಾರೆ.' ಆಕ್ಷೇಪಣೆಯನ್ನು ಸ್ವೀಕರಿಸಿ, ಕಡತಕ್ಕೆ ಸೇರಿಸಿ, ಕಡತವನ್ನು ಮುಚ್ಚಲಾಗಿದೆ.

3. ಬೆಕ್ಕು

ಸೊಸೆಯವರು ರಚಿಸಿದ ಚಿತ್ರವು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಕಡತ ನೋಡುತ್ತಿರುವ ಬೆಕ್ಕಿನದಾಗಿರುತ್ತದೆ. ಈ ಬೆಕ್ಕಿಗೂ ಇಲಾಖೆಯ ಯಾವುದೇ ಅಧಿಕಾರಿಗೂ ಹೋಲಿಕೆ ಇಲ್ಲವೆಂದು ಸುತ್ತೋಲೆ 3ರಲ್ಲಿ ಈಗಾಗಲೇ ತಿಳಿಸಲಾಗಿದೆ. ಅದಕ್ಕೆ ಅಡುಗೆಮನೆ ಮತ್ತು ಇಸ್ತ್ರಿ ಶಾಖೆಯ ಮುಖ್ಯಸ್ಥರು (ಕೆಳಗೆ ಸಹಿ ಮಾಡಿದವರ ಪತ್ನಿ; ಇನ್ನು ಮುಂದೆ 'ಶಾಖಾಧಿಕಾರಿ') ನೀಡಿದ ಉತ್ತರ: 'ರೀ, ಅದು ನೀವೇ ಕಣ್ರೀ. ಕಿವಿ ಮಾತ್ರ ಬೇರೆ.' ಕಿವಿ ಬೇರೆ ಎಂಬ ಭಾಗವನ್ನು ಮಾತ್ರ ಒಪ್ಪಲಾಗಿದೆ.

ಬೆಕ್ಕಿಗೆ ಬಾಯಿ ಇರಲಿಲ್ಲ. ಮೀಸೆಯ ಕೆಳಗೆ ಬರೀ ಬಿಳಿ. ಈ ನ್ಯೂನತೆಯನ್ನು ಚೀಟಿ ಬರೆದು ಸೊಸೆಯವರ ಗಮನಕ್ಕೆ ತರಲಾಯಿತು. ಅವರು ಚೀಟಿಯನ್ನು ಓದಿ, ಬರೆದ ಕೈಯನ್ನೂ ನೋಡಿ, ಹೇಳಿದ್ದು ಇಷ್ಟು: 'ಅದು ಮಾತಾಡಿದ ದಿನ ಬಾಯಿ ಬರೀತೀನಿ ಮಾವ.' ಚೀಟಿಯನ್ನು ಕಡತದಲ್ಲಿ ಇಡಲಾಗಿದೆ.

4. ಸಿಬ್ಬಂದಿ ಖರೀದಿ ನಿಷೇಧ

ಗಿರಗಿಟ್ಲೆಯವರು ಮೂರು ಅಂಗಿಗಳನ್ನು ದಿಂಬಿನ ಕೆಳಗೆ ಎತ್ತಿಟ್ಟಿದ್ದು ಪತ್ತೆಯಾದ ಮೇಲೆ ಸುತ್ತೋಲೆ 4 ಹೊರಡಿಸಲಾಯಿತು. ಅದರಂತೆ ಮನೆಯ ಸಿಬ್ಬಂದಿಯಾಗಲಿ, ಅವರ ಪರವಾಗಿ ಬೇರೊಬ್ಬರಾಗಲಿ ಅಂಗಿ ಕೊಳ್ಳತಕ್ಕದ್ದಲ್ಲ. ಕೊಳ್ಳುವ ಉದ್ದೇಶದಿಂದ ಅಂಗಿಯನ್ನು ಎದೆಗೆ ಹಿಡಿದು ಕನ್ನಡಿ ನೋಡತಕ್ಕದ್ದಲ್ಲ. ನೋಡಿ 'ಚೆನ್ನಾಗಿದೆ ಅಲ್ವಾ' ಎನ್ನತಕ್ಕದ್ದಲ್ಲ. ಈ ನಿಯಮದ ತಿದ್ದುಪಡಿಗೆ ಮೂರು ದಿನಗಳ ಮುಂಗಡ ಸೂಚನೆ ಕಡ್ಡಾಯ.

ಕೆಳಗೆ ಸಹಿ ಮಾಡಿದವರಿಗೆ ತಾವು ಬರೆದವುಗಳಲ್ಲೆಲ್ಲ ಈ ನಿಯಮ ತುಂಬ ಹಿಡಿಸಿತ್ತು. ಇದನ್ನು ಬರೆದ ದಿನ ಅವರು ಎರಡು ಲೋಟ ಚಹಾ ಕುಡಿದರು. ಭಾನುವಾರ ಇದೇ ನಿಯಮ ತಮ್ಮ ಕಾಲಿಗೇ ತೊಡರಿಕೊಳ್ಳುವುದೆಂದು ಅವರಿಗೆ ಆಗ ಹೊಳೆದಿರಲಿಲ್ಲ.

5. ಮೊಹರು

ಶನಿವಾರ ಮಧ್ಯಾಹ್ನ ಸೊಸೆಯವರೂ ಗಿರಗಿಟ್ಲೆಯವರೂ ಹ್ಯಾಂಗರ್ ಎರವಲು ಕೇಳಲು ಬೀದಿ ತುದಿಯ ಇಸ್ತ್ರಿ ಅಂಗಡಿಗೆ ಹೋಗಿದ್ದರು. ಮುದ್ರಣವಾಗಿ ಒಣಗಿದ ನಲವತ್ತು ಅಂಗಿಗಳು ಊಟದ ಮೇಜಿನ ಮೇಲೆ ಒಂದರ ಮೇಲೊಂದು ಇದ್ದವು. ಮೇಜಿನ ಮೇಲೆ ಅಷ್ಟೆತ್ತರದ ಅಟ್ಟಿ ಕಂಡರೆ ಕೆಳಗೆ ಸಹಿ ಮಾಡಿದವರ ಕೈ ಅವರನ್ನು ಕೇಳದೆಯೇ ಕೆಲಸ ಶುರುಮಾಡುತ್ತದೆ. ಮೂವತ್ತನಾಲ್ಕು ವರ್ಷದ ಚಾಳಿ.

ಕಚೇರಿಗೆ ಕಂಪ್ಯೂಟರ್ ಬಂದಾಗ ಕಸಕ್ಕೆ ಹೊರಟಿದ್ದ ಐದು ರಬ್ಬರ್ ಸ್ಟ್ಯಾಂಪುಗಳನ್ನು ಅವರು ತಗಡಿನ ಪೆಟ್ಟಿಗೆಯೊಂದರಲ್ಲಿ ಮನೆಗೆ ತಂದಿದ್ದರು. ಅವು: 'ಪರಿಶೀಲಿಸಲಾಗಿದೆ', 'ತುರ್ತು', 'ವಿವರಣೆ ಕೇಳಿ', 'ತಿರಸ್ಕೃತ' ಮತ್ತು 'ನಾಳೆ ಬನ್ನಿ'. ಕೊನೆಯದನ್ನು ಯಾರು ಮಾಡಿಸಿದರೆಂಬುದಕ್ಕೆ ದಾಖಲೆಯಿಲ್ಲ. ಅಂಥದೊಂದು ಮೊಹರು ಕಚೇರಿಯಲ್ಲಿ ಬಳಕೆಯಲ್ಲೇ ಇರಲಿಲ್ಲ. ಅದರ ಹಿಡಿಕೆ ಮಾತ್ರ ಉಳಿದೆಲ್ಲವುಗಳಿಗಿಂತ ಸವೆದಿದೆ.

ಸ್ಟ್ಯಾಂಪ್ ಪ್ಯಾಡ್ ಒಣಗಿತ್ತು. ಪಕ್ಕದಲ್ಲೇ ಅಂಗಿಯ ಬಣ್ಣದ ಡಬ್ಬಿ ಇತ್ತು. ಪ್ಯಾಡಿಗೆ ಬಣ್ಣ ಸುರಿಯಲಾಯಿತು. ಆಮೇಲೆ ಒಂದೊಂದೇ ಅಂಗಿಯನ್ನು ಕೈಗೆತ್ತಿಕೊಂಡು, ತೋಳು ನೋಡಿ, ಹೊಲಿಗೆ ನೋಡಿ, ಅರ್ಹತೆಗೆ ತಕ್ಕ ಮೊಹರು ಹಾಕಲಾಯಿತು. ಹಾಕಿದ ಜಾಗ: ಖಾಲಿ ಇದ್ದಲ್ಲಿ. ಖಾಲಿ ಜಾಗ ಬಿಟ್ಟರೆ ಮುಂದೆ ಯಾರಾದರೂ ಏನಾದರೂ ಸೇರಿಸಿಯಾರು ಎಂಬುದು ಸೇವೆಗೆ ಸೇರಿದ ಮೊದಲ ದಿನ ಕಲಿತ ಪಾಠ. ಅಂಗಿಯ ನಡುವೆ ಕಣ್ಣಿಗೆ ಹೊಡೆಯುವಂತಿದ್ದ ಖಾಲಿ ಜಾಗ ಒಂದೇ, ಬೆಕ್ಕಿನ ಮೀಸೆಯ ಕೆಳಗಿನದು.

ಅಷ್ಟರಲ್ಲಿ ನಿದ್ದೆಯಿಂದೆದ್ದು ಬಂದ ಶಾಖಾಧಿಕಾರಿಯವರು, ಎದುರಿಗೆ ಬಂದದ್ದನ್ನೆಲ್ಲ ಇಸ್ತ್ರಿ ಮಾಡುವ ತಮ್ಮ ಅಭ್ಯಾಸದಂತೆ, ಮೊಹರಾಗಿ ಸರಿದು ಬಂದ ಒಂದೊಂದನ್ನೂ ಇಸ್ತ್ರಿ ಮಾಡಿದರು. ಆ ಬಣ್ಣಕ್ಕೆ ಒಮ್ಮೆ ಬಿಸಿ ತಾಗಿದರೆ ಮುಗಿಯಿತು, ಬಟ್ಟೆ ಹರಿದರೂ ಬಣ್ಣ ಹೋಗುವುದಿಲ್ಲ. ತಮ್ಮ ಪಾತ್ರದ ಬಗ್ಗೆ ಅವರ ಹೇಳಿಕೆ: 'ನೀವು ಮುಂದಕ್ಕೆ ತಳ್ಳಿದ್ರಿ, ನಾನು ಕೆಲಸ ಮುಗಿಸಿದೆ. ಈ ಮನೇಲಿ ಯಾವತ್ತು ಬೇರೆ ಥರ ನಡೆದಿದೆ ಹೇಳಿ.'

ಮೂವತ್ತೊಂಬತ್ತು ಮುಗಿದು ನಲವತ್ತನೆಯದಕ್ಕೆ ಕೈ ಎತ್ತಿದ್ದಾಗ ಬಾಗಿಲು ತೆರೆಯಿತು.

6. ನಗು

ಗಿರಗಿಟ್ಲೆಯವರ ಕೈಯಿಂದ ಹ್ಯಾಂಗರುಗಳು ಬಿದ್ದವು. ಅವರ ಹೇಳಿಕೆ: 'ಏನ್ ಮಾಡಿಟ್ರಿ ಅಪ್ಪಾ. ಎಲ್ಲಾ ಹಾಳಾಯ್ತಲ್ಲ. ನಾಳೆ ಅತ್ತಿಗೆ...' ಹೇಳಿಕೆ ಅಲ್ಲಿಗೇ ನಿಂತಿದೆ.

ಕೆಳಗೆ ಸಹಿ ಮಾಡಿದವರಿಗೆ ತಮ್ಮ ಕೈಯಲ್ಲಿದ್ದದ್ದು ಏನೆಂದು ಆಗ ಅರಿವಾಯಿತು. ಮೊಹರನ್ನು ಬೆನ್ನ ಹಿಂದೆ ಮರೆಮಾಡಲು ಹೋಗಿ ತಮ್ಮ ಬಿಳಿ ಅಂಗಿಗೆ 'ತಿರಸ್ಕೃತ' ಒತ್ತಿಕೊಂಡರು.

ಸೊಸೆಯವರು ಮೇಲಿದ್ದ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಕುರ್ಚಿಯಲ್ಲಿ ಕುಳಿತ ಬೆಕ್ಕು ಕನ್ನಡಕದ ಮೇಲಿಂದ ನೋಡುತ್ತ 'ನಾಳೆ ಬನ್ನಿ' ಎನ್ನುತ್ತಿತ್ತು. ಇನ್ನೊಂದನ್ನು ಎತ್ತಿದರು. 'ವಿವರಣೆ ಕೇಳಿ' ಎಂದಿತು. ಸೊಸೆಯವರು ಮೆಟ್ಟಿಲ ಮೇಲೆ ಕುಳಿತರು. ಮೊದಲು ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ಮೂವರೂ ಭಾವಿಸಿದರು. ಅದು ನಗು. ಹೊಟ್ಟೆ ಹಿಡಿದುಕೊಂಡು, ಕಂಬಕ್ಕೆ ಒರಗಿ, ಮಾತು ಬಾರದೆ, ಬೆರಳಿಂದ ಬೆಕ್ಕನ್ನು ತೋರಿಸಿ, ಮಾವನ ಬೆನ್ನು ತೋರಿಸಿ, ಮತ್ತೆ ನಗು. ಶಾಖಾಧಿಕಾರಿಯವರು ಇಸ್ತ್ರಿ ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು ನೋಡಲು ಓಡಿ ಬಂದರು. ಅದರ ಕೆಳಗೆ ಸಿಕ್ಕಿಕೊಂಡಿದ್ದ ಸುತ್ತೋಲೆ 5 ಸುಟ್ಟಿದ್ದು ಆಗಲೇ.

ಈ ಮನೆಯಲ್ಲಿ ಹದಿನಾಲ್ಕು ತಿಂಗಳ ನಂತರ ಕೇಳಿದ ನಗುವಾದ್ದರಿಂದ, ಅದಕ್ಕಾಗಿ ಯಾವುದೇ ಸುತ್ತೋಲೆ ಸುಟ್ಟಲ್ಲಿ ವಿವರಣೆ ಕೇಳತಕ್ಕದ್ದಲ್ಲವೆಂದು ಆದೇಶಿಸಲಾಗಿದೆ. 5ನೆಯದರಲ್ಲಿ ಏನಿತ್ತೆಂದು ಯಾರಿಗೂ ನೆನಪಿಲ್ಲ. ಎಲ್ಲರೂ ಅದನ್ನು ಪಾಲಿಸುತ್ತಿದ್ದಾರೆಂದೇ ಪರಿಗಣಿಸಲಾಗಿದೆ.

ಆಮೇಲೆ ಸೊಸೆಯವರು ಕಣ್ಣೊರೆಸಿಕೊಂಡು, ನಲವತ್ತನೆಯ ಅಂಗಿಯನ್ನು ಮಾವನ ಎದುರಿನಿಂದ ತೆಗೆದುಕೊಂಡು 'ಇದು ಹೀಗೇ ಇರ್ಲಿ ಮಾವ' ಎಂದರು. ಮೊಹರುಗಳ ಪೆಟ್ಟಿಗೆಯನ್ನು ಮುಟ್ಟುಗೋಲು ಹಾಕಿಕೊಂಡು ತಮ್ಮ ಚೀಲದಲ್ಲಿ ಇಟ್ಟುಕೊಂಡರು.

7. ಸಂತೆ

ಭಾನುವಾರ ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ, ಹಳೆ ಚಪ್ಪಲಿ ಮಾರುವವರ ಮತ್ತು ಗಡಿಯಾರ ರಿಪೇರಿಯವರ ನಡುವೆ, ಒಂದು ಮೇಜಿನಷ್ಟು ಜಾಗ ಸಿಕ್ಕಿತು. ಸೊಸೆಯವರ ಸೂಟ್‌ಕೇಸು ತುಂಬಿ ಸಿದ್ಧವಾಗಿ ಮೇಜಿನ ಕೆಳಗಿತ್ತು. ಅದರ ಮೇಲೆ ಹ್ಯಾಂಗರುಗಳನ್ನು ಇಡಲಾಗಿತ್ತು. ನಾಲ್ವರೂ ಅದನ್ನು ನೋಡದೆ ದಾಟಿ ಓಡಾಡುವುದನ್ನು ಬೆಳಗ್ಗೆಯೇ ರೂಢಿ ಮಾಡಿಕೊಂಡರು.

ಮೊದಲ ಒಂದು ಗಂಟೆ ಯಾರೂ ಬರಲಿಲ್ಲ. ಕೆಳಗೆ ಸಹಿ ಮಾಡಿದವರಿಗೆ ಸುಮ್ಮನೆ ಕುಳಿತು ಅಭ್ಯಾಸವಿಲ್ಲ. ಅವರು ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಗಳನ್ನು ತುಂಡು ಮಾಡಿ ಹಿಂಬದಿಯಲ್ಲಿ ಅರ್ಜಿ ನಮೂನೆ ಬರೆಯತೊಡಗಿದರು. ನಮೂನೆಯ ಕಾಲಂಗಳು: ಅರ್ಜಿದಾರರ ಎದೆ ಸುತ್ತಳತೆ, ಬೆಕ್ಕಿನಿಂದ ನಿರೀಕ್ಷಿಸುವ ಮಾತು, ಆ ಮಾತು ಬೇಕಾದ ಕಾರಣ, ಚೀಲ ಯಾವ ಹೆಗಲಿಗೆ. ಅರ್ಜಿ ಇಲ್ಲದೆ ಅಂಗಿ ಮುಟ್ಟತಕ್ಕದ್ದಲ್ಲ ಎಂದು ಫಲಕ ಹಾಕಲಾಯಿತು.

ಅರ್ಜಿ ತುಂಬಲು ಇಬ್ಬರು ನಿಂತರು. ಇಬ್ಬರು ನಿಂತದ್ದು ಕಂಡು ನಾಲ್ವರು ಅವರ ಹಿಂದೆ ನಿಂತರು. ಏನು ಕೊಡುತ್ತಿದ್ದಾರೆಂದು ತಿಳಿಯದೆಯೇ ಇನ್ನೂ ಆರು ಮಂದಿ ಸೇರಿದರು. ಹನ್ನೊಂದು ಗಂಟೆಗೆ ಸಾಲು ಗಡಿಯಾರದವರನ್ನು ದಾಟಿತು. ಅವರು ಅಂಗಡಿ ಬಿಟ್ಟು ತಾವೂ ಸಾಲಿಗೆ ಬಂದರು.

8. ಸ್ವೀಕೃತ ಅರ್ಜಿಗಳ ಪೈಕಿ ಕೆಲವು (ಮುಂದಿನ ಮಾರಾಟದಲ್ಲಿ ಮಾದರಿಯಾಗಿ ಬಳಸತಕ್ಕದ್ದು)

(ಅ) ಬಸ್ ಕಂಡಕ್ಟರ್, 'ನಾಳೆ ಬನ್ನಿ'. ಕಾರಣ: 'ಚಿಲ್ಲರೆ ಕೇಳೋರಿಗೆ ಬಾಯಿ ನೋಯಿಸ್ಕೊಳ್ಳೋ ಬದ್ಲು ಎದೆ ತೋರಿಸ್ತೀನಿ.'

(ಆ) ಆಸ್ಪತ್ರೆಯ ದಾದಿ, 'ತುರ್ತು'. ಕಾರಣ: 'ರಜಾ ಅರ್ಜಿ ಕೊಡೋವಾಗ ಹಾಕ್ಕೊಂಡು ಹೋಗ್ತೀನಿ.'

(ಇ) ಹೊಸದಾಗಿ ಮದುವೆಯಾದ ಹೆಂಗಸು, 'ವಿವರಣೆ ಕೇಳಿ'. ಕಾರಣದ ಕಾಲಂನಲ್ಲಿ ಬರೆದದ್ದು: 'ಯಜಮಾನರು ತಡವಾಗಿ ಬರ್ತಾರೆ. ಇದನ್ನ ಹಾಕ್ಕೊಂಡು ಬಾಗಿಲು ತೆಗೀತೀನಿ.' ಪಕ್ಕದಲ್ಲೇ ಇದ್ದ ಯಜಮಾನರು 'ತಿರಸ್ಕೃತ' ಕೇಳಿದರು. ಪತ್ನಿಯ ಒಪ್ಪಿಗೆ ಪತ್ರ ತರಲು ಸೂಚಿಸಲಾಯಿತು.

(ಈ) ದರ್ಜಿ, 'ನಾಳೆ ಬನ್ನಿ', ಎರಡು. ಕಾರಣ ಬರೆಯುವ ಅಗತ್ಯವಿಲ್ಲವೆಂದು ಸಾಲಿನಲ್ಲಿದ್ದವರೆಲ್ಲ ಒಕ್ಕೊರಲಿನಿಂದ ತಿಳಿಸಿದರು. ದರ್ಜಿಯವರು ತೋಳುಗಳನ್ನು ಅಳೆದು ನೋಡಿದರು. ಅವರ ತಾಂತ್ರಿಕ ಅಭಿಪ್ರಾಯ: 'ಎರಡೇ ಬೆರಳು ತಾನೇ. ನಾನು ಹೊಲಿದ್ರೂ ಅಷ್ಟೇ ಬರ್ತಿತ್ತು.'

'ನಾಳೆ ಬನ್ನಿ' ಒಂಬತ್ತೂ ಮಧ್ಯಾಹ್ನಕ್ಕೆ ಮೊದಲೇ ಮುಗಿದವು. ಆಮೇಲೂ ಅದನ್ನೇ ಕೇಳಿ ಬಂದವರಿಗೆ ಏನು ಹೇಳಬೇಕೆಂದು ತಿಳಿಯದೆ ಕೆಳಗೆ ಸಹಿ ಮಾಡಿದವರು 'ನಾಳೆ ಬನ್ನಿ' ಎಂದೇ ಹೇಳಿ ಕಳುಹಿಸಿದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

9. ಉಳಿದ ಒಂದು

ಮೂರೂವರೆಗೆ ಮೂವತ್ತೊಂಬತ್ತು ಹೋಗಿದ್ದವು. ಉಳಿದದ್ದು ಬಾಯಿಲ್ಲದ ಬೆಕ್ಕಿನ ಅಂಗಿ. ಎತ್ತಿ ನೋಡಿದವರೆಲ್ಲ ಇಟ್ಟು ಹೋದರು. 'ಇದು ಏನೂ ಹೇಳಲ್ವಲ್ಲ' ಎಂಬುದು ಸಾರ್ವಜನಿಕರ ಒಟ್ಟಾರೆ ಅಭಿಪ್ರಾಯ. ಮೊಹರು ಹಾಕಿಬಿಡೋಣವೆಂದು ಗಿರಗಿಟ್ಲೆಯವರು ಚೀಲಕ್ಕೆ ಕೈ ಹಾಕಿದಾಗ ಸೊಸೆಯವರು ಚೀಲವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

ನಾಲ್ಕೂವರೆಗೆ ಸೊಸೆಯವರ ಅಣ್ಣ ಬಂದರು. ನಮಸ್ಕಾರ ಮಾಡಿದರು. ಕೊಟ್ಟ ಚಹಾ ಕುಡಿದರು. ಹ್ಯಾಂಗರುಗಳನ್ನು ಬದಿಗಿಟ್ಟು ಸೂಟ್‌ಕೇಸನ್ನು ಎಳೆದುಕೊಂಡರು. ಆ ಸಂದರ್ಭದಲ್ಲಿ ಕೆಳಗೆ ಸಹಿ ಮಾಡಿದವರು ಕೈಗೊಂಡ ಕ್ರಮಗಳು:

(ಅ) ಮೂವತ್ತೊಂಬತ್ತನ್ನು ಹತ್ತಿರದ ಹತ್ತಕ್ಕೆ ಸರಿಹೊಂದಿಸಿ ನಲವತ್ತೆಂದು ಪರಿಗಣಿಸಬಹುದೆಂದು ಸೂಚಿಸಿದರು. ಸೊಸೆಯವರ ಉತ್ತರ: 'ಲೆಕ್ಕ ಅಂದ್ರೆ ಲೆಕ್ಕ ಅಂತ ನೀವೇ ಹೇಳ್ತಿದ್ರಿ ಮಾವ.'

(ಆ) ಉಳಿದದ್ದು ಮಾದರಿಯೇ ಹೊರತು ಅಂಗಿಯಲ್ಲ ಎಂದು ವ್ಯಾಖ್ಯಾನಿಸಿದರು. ಉತ್ತರ: 'ನಿನ್ನೆವರೆಗೂ ಅಂಗಿಯಾಗಿತ್ತಲ್ಲ.'

(ಇ) ತಾವೇ ಕೊಳ್ಳಲು ಜೇಬಿಗೆ ಕೈ ಹಾಕಿದರು. ಸುತ್ತೋಲೆ 4 ಅಡ್ಡ ಬಂತು. ಶಾಖಾಧಿಕಾರಿಯವರು 'ಬರೆಯೋವಾಗ ತಲೆ ಎಲ್ಲಿತ್ತು ನಿಮ್ಗೆ' ಎಂದು ವಿವರಣೆ ಕೇಳಿದರು. ತಿದ್ದುಪಡಿಗೆ ಮೂರು ದಿನ ಬೇಕು. ಬಸ್ಸು ಐದೂ ಹತ್ತಕ್ಕೆ.

(ಈ) ಚಪ್ಪಲಿಯವರನ್ನು ಬದಿಗೆ ಕರೆದು ಅವರ ಕೈಗೆ ನೋಟು ತುರುಕಲು ನೋಡಿದರು. 'ಅವರ ಪರವಾಗಿ ಬೇರೊಬ್ಬರಾಗಲಿ' ಎಂಬ ಮಾತು ನೆನಪಾಗಿ ನೋಟನ್ನು ಹಿಂದಕ್ಕೆ ತೆಗೆದುಕೊಂಡರು. ಚಪ್ಪಲಿಯವರು ಇನ್ನೂ ಗೊಂದಲದಲ್ಲಿದ್ದಾರೆ.

(ಉ) ಒಂದು ಚೀಟಿ ಬರೆಯಲು ಪೆನ್ನು ತೆಗೆದರು. ಕ್ಯಾಲೆಂಡರಿನ ಹನ್ನೆರಡೂ ತಿಂಗಳು ಅರ್ಜಿಗಳಿಗೆ ಖರ್ಚಾಗಿದ್ದವು. ಮೇಜಿನ ಮೇಲೆ, ಕೆಳಗೆ, ಜೇಬಿನಲ್ಲಿ, ಎಲ್ಲಿ ಹುಡುಕಿದರೂ ಬರೆಯಲು ಒಂದು ಚೂರು ಕಾಗದ ಉಳಿದಿರಲಿಲ್ಲ.

10. ಮೌಖಿಕ ಸೂಚನೆ

ಸೊಸೆಯವರು ಅತ್ತೆಯ ಕೈ ಹಿಡಿದು ಬಿಟ್ಟರು. ನಾದಿನಿಯ ಜಡೆ ಎಳೆದರು. ಮಾವನ ಎದುರು ನಿಂತರು.

ಕೆಳಗೆ ಸಹಿ ಮಾಡಿದವರು ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು. ಆಮೇಲೆ, ಕರಡು ಇಲ್ಲದೆ, ಮೇಲಧಿಕಾರಿಗಳ ಅನುಮೋದನೆ ಇಲ್ಲದೆ, ಸಂಖ್ಯೆ ದಿನಾಂಕ ಏನೂ ಇಲ್ಲದೆ ಹೇಳಿದರು:

'ಇರಮ್ಮ.'

ಸಂತೆಯ ಗದ್ದಲದಲ್ಲಿ ಅಣ್ಣನವರಿಗೆ ಕೇಳಿಸಲಿಲ್ಲ. 'ಏನಂದ್ರಿ ಮಾವ?' ಎಂದರು. ಆದ್ದರಿಂದ ಸೂಚನೆಯನ್ನು ಎರಡನೆಯ ಬಾರಿ, ಗಡಿಯಾರದವರೆಗೂ ಕೇಳುವಂತೆ ಹೊರಡಿಸಬೇಕಾಯಿತು: 'ಇಲ್ಲೇ ಇರಮ್ಮ ಅಂದೆ. ಅಂಗಿ ಹೋಗ್ಲಿ, ಬಿಡ್ಲಿ.'

ಸಮಯ ನಾಲ್ಕು ನಲವತ್ತು. ಗಡಿಯಾರ ರಿಪೇರಿಯವರ ಮಳಿಗೆಯಲ್ಲಿ ಈ ಸಮಯ ತೋರಿಸುತ್ತಿದ್ದ ಗಡಿಯಾರವೊಂದೇ ಸರಿಯಾಗಿ ನಡೆಯುತ್ತಿತ್ತೆಂದು ಖಚಿತಪಡಿಸಿಕೊಳ್ಳಲಾಗಿದೆ.

ಶಾಖಾಧಿಕಾರಿಯವರು ಬೆನ್ನು ತಿರುಗಿಸಿ ಖಾಲಿ ಹ್ಯಾಂಗರುಗಳನ್ನು ಎಣಿಸತೊಡಗಿದರು. ಅವನ್ನು ಎಣಿಸುವ ಅಗತ್ಯವಿರಲಿಲ್ಲ. ಗಿರಗಿಟ್ಲೆಯವರು ಹುಟ್ಟಿದಾಗಿನಿಂದ ಮೊದಲ ಬಾರಿಗೆ ಒಂದು ಕಡೆ ನಿಂತಿದ್ದರು. ಸೊಸೆಯವರು ಮಾವನ ಕೈಯಿಂದ ಪೆನ್ನು ತೆಗೆದುಕೊಂಡು, ಉಳಿದ ಅಂಗಿಯನ್ನು ಸೂಟ್‌ಕೇಸಿನ ಮೇಲೆ ಹರಡಿ, ಬೆಕ್ಕಿನ ಮೀಸೆಯ ಕೆಳಗೆ ಒಂದು ಗೆರೆ ಎಳೆದರು. ಗೆರೆ ನಗುವಿನದೋ ಆಕಳಿಕೆಯದೋ ಎಂಬುದು ಪರಿಶೀಲನೆಯಲ್ಲಿದೆ.

ಅಣ್ಣನವರು ಅಂಗಿಯನ್ನು ನೋಡಿದರು. ತಂಗಿಯ ಮುಖ ನೋಡಿದರು. 'ಸರಿ ಬಿಡು ಪುಟ್ಟಿ. ಅದನ್ನ ನನಗೆ ಕೊಡು. ಬರಿಗೈಲಿ ಹೋದ್ರೆ ಅಮ್ಮ ಮನೆಯೊಳಗೆ ಬಿಡಲ್ಲ' ಎಂದು ಹಣ ಎಣಿಸಿದರು. ಅವರು ಸಿಬ್ಬಂದಿಯಲ್ಲ, ಸಿಬ್ಬಂದಿಯ ಪರವಾಗಿಯೂ ಅಲ್ಲ. ಸುತ್ತೋಲೆ 4ನ್ನು ಎರಡು ಬಾರಿ ಓದಿ ನೋಡಲಾಗಿದೆ. ಅವರ ಚೀಲ ಎಡ ಹೆಗಲಿಗಿತ್ತು.

11. ಮಂಜೂರಾತಿ

(ಅ) ಬರಹದಲ್ಲಿ ಇಲ್ಲದ ಆದೇಶ ಊರ್ಜಿತವಲ್ಲವಾದ್ದರಿಂದ, ಕಂಡಿಕೆ 10ರ ಮೌಖಿಕ ಸೂಚನೆಗೆ ಈ ಮೂಲಕ ಘಟನೋತ್ತರ ಮಂಜೂರಾತಿ ನೀಡಲಾಗಿದೆ. ಇದಕ್ಕೆ ಅವಧಿ ನಿಗದಿಪಡಿಸಿಲ್ಲ.

(ಆ) ಮೌಖಿಕ ಸೂಚನೆ ಹೊರಟದ್ದು ನಾಲ್ಕು ನಲವತ್ತಕ್ಕೆ. ನಲವತ್ತನೆಯ ಅಂಗಿ ಮಾರಾಟವಾದದ್ದು ನಾಲ್ಕು ಐವತ್ತಕ್ಕೆ. ಈ ಅನುಕ್ರಮವನ್ನು ಯಾರೂ, ಯಾವ ಸಂದರ್ಭದಲ್ಲೂ, ನೆಂಟರಿಷ್ಟರಿಗೆ ಕಥೆ ಹೇಳುವಾಗಲೂ, ಹಿಂದುಮುಂದು ಮಾಡತಕ್ಕದ್ದಲ್ಲ.

(ಇ) ಸೂಟ್‌ಕೇಸಿನಲ್ಲಿದ್ದ ಎಲ್ಲವನ್ನೂ ಅವುಗಳ ಹಿಂದಿನ ಸ್ಥಾನಗಳಿಗೆ ಮರುನಿಯೋಜಿಸಲಾಗಿದೆ. ಸೂಟ್‌ಕೇಸನ್ನು ಬಣ್ಣದ ಡಬ್ಬಿಗಳಿಗೆ ಬಿಟ್ಟುಕೊಡಲಾಗಿದೆ.

(ಈ) ಮುಂದಿನ ಮುದ್ರಣದಲ್ಲಿ ಬೆಕ್ಕಿಗೆ ಬಾಯಿ ಇರತಕ್ಕದ್ದು.

(ಉ) ಅಗತ್ಯ ಕಂಡುಬಂದಲ್ಲಿ ಇನ್ನು ಮುಂದೆಯೂ ಬಾಯಿಮಾತಿನ ಸೂಚನೆಗಳನ್ನು ಹೊರಡಿಸಲಾಗುವುದು. ಸದ್ಯಕ್ಕೆ ವಾರಕ್ಕೆ ಎರಡು. ಉಪ್ಪಿನ ವಿಷಯದಲ್ಲಿ ಚೀಟಿ ಪದ್ಧತಿಯೇ ಮುಂದುವರಿಯುತ್ತದೆ.

ಸಹಿ/-
(ಕೆಳಗೆ ಸಹಿ ಮಾಡಿದವರು)
ಅಧೀಕ್ಷಕರು (ನಿವೃತ್ತ), ಮೆಟ್ಟಿಲಿನ ಕೆಳಗೆ

ಮೊಹರು: ಸೊಸೆಯವರ ಚೀಲದಲ್ಲಿದೆ. ಕೇಳಿದ್ದಕ್ಕೆ 'ನಾಳೆ ಬನ್ನಿ' ಎಂದಿದ್ದಾರೆ.

ಪ್ರತಿಗಳು:
1. ಶಾಖಾಧಿಕಾರಿ, ಅಡುಗೆಮನೆ ಮತ್ತು ಇಸ್ತ್ರಿ: ಬಿಸಿ ವಸ್ತುಗಳಿಂದ ದೂರವಿಡುವ ಷರತ್ತಿನ ಮೇಲೆ.
2. ಗಿರಗಿಟ್ಲೆ: ತಾರಸಿಯ ಮೇಲೆ, ಕೈ ಖಾಲಿ ಇರುವಾಗ ಓದಿಕೊಳ್ಳಲು.
3. ಸೊಸೆಯವರ ಅಣ್ಣ: ಅಂಚೆಯ ಮೂಲಕ. ಉಲ್ಲೇಖ 2ರ ಪತ್ರದ ಪ್ರಶ್ನೆಗೆ ಉತ್ತರವೆಂದು ಪರಿಗಣಿಸತಕ್ಕದ್ದು.
4. ಅಂಗಿ ಕಾರ್ಖಾನೆ: ಮುಂದಿನ ಬಾರಿ ಬಲತೋಳು ಉದ್ದವಿರುವ ನಲವತ್ತನ್ನು ತೆಗೆದಿಡುವ ಕೋರಿಕೆಯೊಂದಿಗೆ, ಸರಾಸರಿ ಸರಿಹೋಗುತ್ತದೆ.
5. ಹಾಸಿಗೆಯ ಕೆಳಗಿನ ಹದಿನೇಳು ಸಹೋದ್ಯೋಗಿಗಳು: ಮಾಹಿತಿಗಾಗಿ. ಚೌಕಟ್ಟು ಸದ್ಯಕ್ಕೆ ಸಿಗುವುದಿಲ್ಲ.
6. ಚಪ್ಪಲಿ ಮಾರುವವರು: ಸಮಾಧಾನಕ್ಕಾಗಿ.
7. ಸೊಸೆ: ಪ್ರತಿ ಕಳುಹಿಸುವ ಅಗತ್ಯವಿಲ್ಲ. ಬಾಯಲ್ಲೇ ಹೇಳಲಾಗಿದೆ.